ಮಾವನ ಕ್ಯಾಸೆಟ್ಟುಗಳು

ಕಳೆದ ವರ್ಷ ನಮ್ಮ ಅತ್ತೆ ಅಮೆರಿಕದ ಮನೆ ಮಾರಿ ಬೆಂಗಳೂರಿಗೆ ಬಂದರು. ಜೊತೆಗೆ ಎರಡು ಸೂಟ್‌ಕೇಸ್ ತುಂಬ ವಿಎಚ್‌ಎಸ್ ಕ್ಯಾಸೆಟ್ಟುಗಳೂ ಬಂದವು. ಎಣಿಸಿದರೆ 61. "ಪಾತ್ರೆ ಪಡಗ ಎಲ್ಲ ಅಲ್ಲೇ ಬಿಟ್ಟು ಈ ಡಬ್ಬಿಗಳನ್ನ ಹೊತ್ಕೊಂಡು ಬಂದಿದೀರಲ್ಲ ಅತ್ತಿಗೆ" ಅಂತ ಅಮ್ಮ ತಲೆ ಚಚ್ಚಿಕೊಂಡರು. ಅತ್ತೆ ಏನೂ ಹೇಳಲಿಲ್ಲ. ರಾತ್ರಿ ನನ್ನನ್ನ ಕರೆದು, "ನಿಮ್ಮ ಮಾವ ರೆಕಾರ್ಡ್ ಮಾಡಿದ್ದು ಕಣೋ. ಏನಾದ್ರೂ ಮಾಡಕ್ಕಾಗತ್ತಾ ನೋಡು" ಅಂದರು ಅಷ್ಟೆ.

ಮದುವೆ, ನಾಮಕರಣದ ವಿಡಿಯೋ ಇರಬಹುದು ಅಂದುಕೊಂಡಿದ್ದೆ. ಲೇಬಲ್ ಓದುತ್ತಾ ಹೋದರೆ ನಗು ಬಂತು. ಮಾವನ ಗುಂಡು ಅಕ್ಷರದ ಕನ್ನಡದಲ್ಲಿ "ಕಿಟಕಿ – ಗಾಜು ಹಾಕುವುದು", "ಸೂರು", "ತಾಮ್ರದ ಪೈಪು – ಬೆಸುಗೆ", "ಮೆಟ್ಟಿಲು 1", "ಮೆಟ್ಟಿಲು 2". ಅಷ್ಟೂ ಮನೆ ರಿಪೇರಿ ಕಾರ್ಯಕ್ರಮಗಳು. ಬಹುಪಾಲು ಒಂದೇ ಕಾರ್ಯಕ್ರಮ, 'ದಿಸ್ ಓಲ್ಡ್ ಹೌಸ್'.

ಮಾವ 1985ರಲ್ಲಿ ಮ್ಯಾಸಚೂಸೆಟ್ಸ್‌ನ ವೂಸ್ಟರ್ ಎಂಬ ಊರಲ್ಲಿ ಹಳೇ ಮರದ ಮನೆಯೊಂದನ್ನು ಕೊಂಡಿದ್ದರು. ಕಡಿಮೆ ಬೆಲೆಗೆ ಸಿಕ್ಕಿತು ಅಂತ ಕೊಂಡದ್ದು. ಯಾಕೆ ಕಡಿಮೆ ಅನ್ನೋದು ಮೊದಲ ಚಳಿಗಾಲದಲ್ಲೇ ಗೊತ್ತಾಯಿತು: ಪೈಪಿನಲ್ಲಿದ್ದ ನೀರು ಹೆಪ್ಪುಗಟ್ಟಿ, ಹಿಗ್ಗಿ, ಪೈಪು ಸೀಳಿತು. ಮೈಸೂರಿನ ಮನುಷ್ಯ ಅವರು. ನಮ್ಮಲ್ಲಿ ಸೂರು ಸೋರಿದರೆ ಗಾರೆ ಮೇಸ್ತ್ರಿಗೆ ಹೇಳಿ ಕಳಿಸ್ತೀವಿ, ಬಾಗಿಲು ಕೂರದಿದ್ದರೆ ಬಡಗಿಗೆ. ಅಲ್ಲಿ ಪ್ಲಂಬರ್ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳ್ತಾನೆ. ಹಾಗಾಗಿ ಮಾವ ಟಿವಿ ಮುಂದೆ ನೋಟ್‌ಬುಕ್ ಹಿಡಿದು ಕೂತರು.

ಕೂತ ಜಾಗ ಸರಿಯಾಗಿಯೇ ಇತ್ತು. ಅವರ ಮನೆಗೆ ಸಿಗ್ತಿದ್ದ ಬಾಸ್ಟನ್ನಿನ ಡಬ್ಲ್ಯುಜಿಬಿಎಚ್ ಎಂಬ ಸಾರ್ವಜನಿಕ ಟಿವಿ ಕೇಂದ್ರದಲ್ಲೇ 'ದಿಸ್ ಓಲ್ಡ್ ಹೌಸ್' ಹುಟ್ಟಿದ್ದು, 1979ರಲ್ಲಿ. ಅದನ್ನು ರೂಪಿಸಿದವರು ರಸೆಲ್ ಮೊರಾಶ್. ಇವರು ಅದಕ್ಕೂ ಮುಂಚೆ ಜೂಲಿಯಾ ಚೈಲ್ಡ್ ಅವರ ಅಡುಗೆ ಕಾರ್ಯಕ್ರಮ ನಿರ್ದೇಶಿಸಿದ್ದವರು. ಕೆಲಸ ಬಲ್ಲವರ ಮುಂದೆ ಕ್ಯಾಮೆರಾ ಇಟ್ಟು, ಅವರು ಕೆಲಸ ಮಾಡೋದನ್ನ ತೋರಿಸಿದರೆ ಜನ ನೋಡ್ತಾರೆ ಅನ್ನೋದು ಅವರಿಗೆ ಅಡುಗೆಮನೆಯಲ್ಲೇ ಗೊತ್ತಾಗಿತ್ತು. ಬಾಸ್ಟನ್ನಿನ ಡಾರ್ಚೆಸ್ಟರ್ ಬಡಾವಣೆಯ ಒಂದು ಪಾಳು ಮನೆಯನ್ನು ಕೇಂದ್ರವೇ ಕೊಂಡು, ಒಂದಿಡೀ ಸೀಸನ್ ಅದರ ರಿಪೇರಿ ತೋರಿಸಿದರು. ನಿರೂಪಕ ಬಾಬ್ ವಿಲಾ. ಬಡಗಿ ನಾರ್ಮ್ ಏಬ್ರಮ್. ಈ ನಾರ್ಮ್ ಸಿಕ್ಕಿದ ಕತೆ ನನಗೆ ತುಂಬಾ ಇಷ್ಟ. ಮೊರಾಶ್ ತಮ್ಮ ಮನೆಯಲ್ಲಿ ಏನೋ ಕಟ್ಟಿಸ್ತಿದ್ದಾಗ, ಕೆಲಸಕ್ಕೆ ಬಂದ ಬಡಗಿಯ ಹಿಂದೆ ಬಿದ್ದಿದ್ದ ಮರದ ಚೂರುಗಳ ರಾಶಿ ತೀರಾ ಸಣ್ಣದಿರೋದನ್ನ ಗಮನಿಸಿದರಂತೆ. ಇಷ್ಟು ಕಡಿಮೆ ಮರ ಹಾಳು ಮಾಡೋನು ಟಿವಿಗೆ ಬೇಕು ಅಂತ ಕರೆತಂದರು. ಆ ಬಡಗಿ 2022ರಲ್ಲಿ ನಿವೃತ್ತರಾದರು. ಮೊರಾಶ್ 2024ರಲ್ಲಿ ತೀರಿಕೊಂಡರು.

ಬಾಬ್ ವಿಲಾ 1989ರವರೆಗೆ ಮಾತ್ರ ಇದ್ದರು. ನ್ಯೂಜೆರ್ಸಿಯ ಒಂದು ಅಂಗಡಿ ಸರಪಳಿಯ ಜಾಹೀರಾತಲ್ಲಿ ಕಾಣಿಸಿಕೊಂಡದ್ದು, ಅದರ ಪ್ರತಿಸ್ಪರ್ಧಿಯೇ ಕಾರ್ಯಕ್ರಮದ ಪ್ರಾಯೋಜಕ ಆಗಿದ್ದದ್ದು, ರಗಳೆಯಾಗಿ ಅವರು ಹೊರಗೆ ಹೋಗಬೇಕಾಯಿತು. ಮಾವನ ಒಂದು ಕ್ಯಾಸೆಟ್ ಮೇಲೆ "ಹೊಸಬ" ಅಂತಷ್ಟೇ ಬರೆದಿದೆ. ಬರವಣಿಗೆಯಲ್ಲೇ ಅಸಮಾಧಾನ ಕಾಣತ್ತೆ.

ಇಷ್ಟೆಲ್ಲ ಪ್ರಸಿದ್ಧ ಕಾರ್ಯಕ್ರಮ, ಅದರ ಮೂಲ ಟೇಪು ಇಟ್ಟುಕೊಂಡಿರೋ ಸಂಸ್ಥೆ ಇದೆ, ಅಮೆರಿಕದ ಸಾರ್ವಜನಿಕ ಪ್ರಸಾರವನ್ನು ಉಳಿಸಲಿಕ್ಕೆ ಲೈಬ್ರರಿ ಆಫ್ ಕಾಂಗ್ರೆಸ್ ಜೊತೆ ಕೈಜೋಡಿಸಿರೋದೂ ಅದೇ ಡಬ್ಲ್ಯುಜಿಬಿಎಚ್. ಅಂದಮೇಲೆ ನಮ್ಮ ಮಾವನ ಮಸುಕು ಕ್ಯಾಸೆಟ್ ಯಾರಿಗೆ ಬೇಕು? ನಾನೂ ಮೊದಮೊದಲು ಹೀಗೇ ಯೋಚಿಸಿದ್ದು. ಉತ್ತರಕ್ಕೆ ಸ್ವಲ್ಪ ಹಿಂದೆ, ಇಂಗ್ಲೆಂಡಿಗೆ ಹೋಗಬೇಕು.

ಬಿಬಿಸಿಯಲ್ಲಿ ಬ್ಯಾರಿ ಬಕ್ನೆಲ್ ಅಂತ ಒಬ್ಬರಿದ್ದರು. 1950ರ ದಶಕದ ಕೊನೆಯಿಂದ ಜನರಿಗೆ ಮನೆ ಕೆಲಸ ಕಲಿಸ್ತಿದ್ದವರು. 1962ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಹಾಳುಬಿದ್ದ ಮನೆಯೊಂದನ್ನು ಹಿಡಿದು, ವಾರವಾರ ಅದರ ರಿಪೇರಿ ತೋರಿಸಿದರು. ಡಾರ್ಚೆಸ್ಟರ್‌ಗಿಂತ 17 ವರ್ಷ ಮೊದಲು! ಕೆತ್ತನೆ ಬಾಗಿಲಿಗೆ ಹಾರ್ಡ್‌ಬೋರ್ಡ್ ಹೊಡೆದು ನುಣ್ಣಗೆ ಮಾಡೋದು, ಮೆಟ್ಟಿಲ ಕಟಕಟೆಯನ್ನ ಹಲಗೆಯಿಂದ ಮುಚ್ಚೋದು ಅವರು ಹೇಳಿಕೊಟ್ಟ ಫ್ಯಾಷನ್ನು. ಆಗ ಅದು ಆಧುನಿಕ. ಮುಂದಿನ ತಲೆಮಾರಿನವರು ಅದೇ ಹಾರ್ಡ್‌ಬೋರ್ಡ್ ಕಿತ್ತು, ಒಳಗಿನ ವಿಕ್ಟೋರಿಯಾ ಕಾಲದ ಬಾಗಿಲು ನೋಡಿ ಬಕ್ನೆಲ್ಲರನ್ನ ಬೈದರು. ಹಾರ್ಡ್‌ಬೋರ್ಡು ಮುಚ್ಚಿತೇ ಹೊರತು ಅಳಿಸಲಿಲ್ಲ, ಅದು ಬೇರೆ ಮಾತು.

ಟೇಪಿನ ಹಣೆಬರಹ ಹಾಗಲ್ಲ. 1960, 70ರ ದಶಕದಲ್ಲಿ ಬಿಬಿಸಿ ತನ್ನ ಕಾರ್ಯಕ್ರಮಗಳನ್ನು ತಾನೇ ಅಳಿಸ್ತಿತ್ತು. ಕೆಟ್ಟ ಉದ್ದೇಶದಿಂದಲ್ಲ, ಉಳಿತಾಯಕ್ಕೆ. ಎರಡು ಇಂಚು ಅಗಲದ ವೃತ್ತಿಪರ ಟೇಪು ಬಲು ದುಬಾರಿ, ಮತ್ತೆ ಮತ್ತೆ ಬಳಸಬಹುದು. ನಟರ ಸಂಘದ ಒಪ್ಪಂದಗಳಿಂದಾಗಿ ಮರುಪ್ರಸಾರಕ್ಕೆ ಮಿತಿಯಿತ್ತು. ಮನೇಲಿ ವಿಡಿಯೋ ನೋಡೋ ಕಾಲ ಬರತ್ತೆ ಅಂತ ಯಾರೂ ಎಣಿಸಿರಲಿಲ್ಲ. ಹಾಗಾಗಿ ಹಳೇದರ ಮೇಲೆ ಹೊಸದು. 'ಡಾಕ್ಟರ್ ಹೂ'ನಂಥ ಜನಪ್ರಿಯ ಧಾರಾವಾಹಿಯ ಹತ್ತಾರು ಕಂತುಗಳೇ ಹೀಗೆ ಹೋದವು. ಆದರೆ ಅವುಗಳ ಧ್ವನಿ ಮಾತ್ರ ಉಳಿದಿದೆ. ಉಳಿಸಿದವರು ಟಿವಿ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡು ಕೂತಿದ್ದ ಹುಡುಗರು. ಸಂಸ್ಥೆ ಕಳೆದದ್ದನ್ನ ಅಭಿಮಾನಿ ಉಳಿಸಿದ. ಧಾರಾವಾಹಿಗಾದರೂ ಹುಚ್ಚು ಅಭಿಮಾನಿಗಳಿದ್ದರು. ಬಾಗಿಲಿಗೆ ಹಲಗೆ ಹೊಡೆಯೋ ಕಾರ್ಯಕ್ರಮಕ್ಕೆ ಹಾಗೆ ಕಾದು ಕೂರೋರು ಯಾರು?

ಮನೆಯಲ್ಲಿ ಚಿತ್ರಸಮೇತ ಹಿಡಿದಿಡೋ ಶಕ್ತಿ ಬಂದದ್ದು 1975ರಲ್ಲಿ ಸೋನಿಯ ಬೀಟಾಮ್ಯಾಕ್ಸ್, ಮರುವರ್ಷ ಜೆವಿಸಿಯ ವಿಎಚ್‌ಎಸ್ ಬಂದಮೇಲೆ. ಬಂದ ಕೂಡಲೇ ಯೂನಿವರ್ಸಲ್ ಮತ್ತು ಡಿಸ್ನಿ ಕೋರ್ಟಿಗೆ ಹೋದವು: ಇದು ಕಳ್ಳತನದ ಯಂತ್ರ ಅಂತ. 1984ರ ಜನವರಿಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5–4ರ ಬಹುಮತದಲ್ಲಿ ಸೋನಿ ಪರ ತೀರ್ಪು ಕೊಟ್ಟಿತು. ಒಂದೇ ಒಂದು ವೋಟು ಆ ಕಡೆ ಬಿದ್ದಿದ್ದರೆ ಮಾವನ ಕ್ಯಾಸೆಟ್ಟುಗಳ ಕತೆ ಏನಾಗ್ತಿತ್ತೋ. ಇನ್ನೊಂದು ಸೂಕ್ಷ್ಮ ಇದೆ. ಕೋರ್ಟು ಒಪ್ಪಿದ್ದು ಈಗ ಬರೋದನ್ನ ಆಮೇಲೆ ನೋಡೋದಕ್ಕೆ. ನೋಡಿದ ಮೇಲೂ ಅಳಿಸದೆ ಕಪಾಟು ತುಂಬ ಜೋಡಿಸಿಡೋದು ಸರಿಯೋ ತಪ್ಪೋ ಅನ್ನೋದನ್ನ ಖಚಿತವಾಗಿ ಹೇಳಲಿಲ್ಲ. ಸಂಗ್ರಾಹಕರೆಲ್ಲ ಅಂದಿನಿಂದ ಆ ಸಂದಿಯಲ್ಲೇ ಬದುಕ್ತಾ ಬಂದಿದ್ದಾರೆ.

ಈ ಬಗೆಯ ಸಂಗ್ರಹದ ಶಿಖರ ಅಂದರೆ ಫಿಲಡೆಲ್ಫಿಯಾದ ಮೇರಿಯನ್ ಸ್ಟೋಕ್ಸ್. ಹಿಂದೆ ಗ್ರಂಥಪಾಲಕಿಯಾಗಿದ್ದವರು. 1979ರಿಂದ 2012ರಲ್ಲಿ ಸಾಯೋವರೆಗೆ ಟಿವಿ ಸುದ್ದಿಯನ್ನ ಹಗಲೂ ರಾತ್ರಿ ರೆಕಾರ್ಡ್ ಮಾಡಿದರು. ಸುಮಾರು 70,000 ಕ್ಯಾಸೆಟ್! ಈಗ ಅವು ಇಂಟರ್ನೆಟ್ ಆರ್ಕೈವ್‌ನಲ್ಲಿವೆ. ಅವರ ಮುಂದೆ ನಮ್ಮ ಮಾವ ಯಾವ ಲೆಕ್ಕ. ಆದರೆ ಸ್ಟೋಕ್ಸ್ ಸಂಗ್ರಹದಿಂದ ನನಗೆ ಒಂದು ವಿಷಯ ಹೊಳೀತು. ಕಾರ್ಯಕ್ರಮದ ಮೂಲ ಟೇಪು ಸಂಸ್ಥೆಯ ಹತ್ತಿರ ಇರಬಹುದು, ಪ್ರಸಾರ ಇರಲ್ಲ. ಆ ದಿನ ಆ ಊರಿನ ಮನೆಯೊಳಗೆ ಏನು ಬಂತೋ ಅದು ಮನೆಯವರ ಹತ್ತಿರ ಮಾತ್ರ ಇರತ್ತೆ. ಮಾವನ ಕ್ಯಾಸೆಟ್ಟಿನಲ್ಲಿ ಕಂತು ಮುಗಿದ ಮೇಲೆ ಡಬ್ಲ್ಯುಜಿಬಿಎಚ್‌ನವರು ದೇಣಿಗೆ ಕೇಳ್ತಾರೆ, ಹಿಂದೆ ಸಾಲಾಗಿ ಕೂತ ಸ್ವಯಂಸೇವಕರು ಫೋನ್ ಎತ್ತುತ್ತಾರೆ. ಮನೆ ರಿಪೇರಿ ಕಲಿಸೋಕೂ ಕೈ ಚಾಚಬೇಕಾಗಿದ್ದ ಟಿವಿ ಅದು. ಈ ಭಾಗ ಯಾವ ಡಿವಿಡಿಯಲ್ಲೂ ಬರಲ್ಲ.

ಇನ್ನೊಂದು, ಟೇಪು ಸವೆಯತ್ತೆ. "ತಾಮ್ರದ ಪೈಪು – ಬೆಸುಗೆ" ಕ್ಯಾಸೆಟ್ ಪೂರ್ತಿ ಚೆನ್ನಾಗಿದೆ, ಒಂದು ಕಡೆ ಮಾತ್ರ ಬಿಳಿ ಗೀರುಗಳು ಮಳೆ ಹುಯ್ದ ಹಾಗೆ. ಪ್ಲಂಬರ್ ಪೈಪಿಗೆ ಬೆಂಕಿ ಹಿಡಿದು, ಸೀಸದ ತಂತಿ ತಾಗಿಸೋ ಹೊತ್ತು. ಒಂದೇ ಜಾಗದಲ್ಲಿ ಎಷ್ಟು ಸಲ ನಿಲ್ಲಿಸಿ, ಹಿಂದಕ್ಕೆ ಸುತ್ತಿ, ಮತ್ತೆ ನೋಡಿದರೆ ಹೀಗೆ ಸವೆಯತ್ತೆ ಯೋಚನೆ ಮಾಡಿ. ಮಾವ ಎಲ್ಲಿ ತಡವರಿಸಿದರು, ಎಲ್ಲಿ ಕಲಿತರು ಅನ್ನೋದು ಆ ಗೀರುಗಳಲ್ಲಿದೆ.

ಉಳಿಸೋ ಕೆಲಸದ ವಿಷಯ ಚಿಕ್ಕದಾಗಿ ಹೇಳ್ತೀನಿ, ಯಾರ ಮನೆಯಲ್ಲಾದರೂ ಇಂಥ ಡಬ್ಬಿ ಇದ್ದರೆ ಉಪಯೋಗಕ್ಕೆ ಬರಲಿ. ಅಮೆರಿಕದ ಟೇಪು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಅವರದು 525 ಗೆರೆ, ನಮ್ಮದು 625. ಎರಡನ್ನೂ ಓದೋ ವಿಸಿಆರ್ ಬೇಕು. ಎಸ್.ಪಿ. ರೋಡಿನಲ್ಲಿ ಮೂರು ಶನಿವಾರ ಅಲೆದು ಒಂದು ಹಳೇದು ಹಿಡಿದೆ. ಹೊಸದು ಸಿಗಲ್ಲ, ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಕೊನೆಯದಾಗಿ ವಿಸಿಆರ್ ತಯಾರಿಕೆ ನಿಲ್ಲಿಸಿತು. ಯುನೆಸ್ಕೋ ಕೂಡ 2019ರಲ್ಲೇ ಎಚ್ಚರಿಸಿತ್ತು, ಕಾಂತೀಯ ಟೇಪಿನಲ್ಲಿರೋದನ್ನ ಬೇಗ ಡಿಜಿಟಲ್ ಮಾಡಿ, ಓದೋ ಯಂತ್ರಗಳೇ ಇಲ್ಲವಾಗ್ತಿವೆ ಅಂತ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನ ಹಾಗೇ ತುರುಕಬೇಡಿ, ಅದು ಯಂತ್ರಕ್ಕೂ, ಅಲ್ಲಿಂದ ಮುಂದಿನ ಕ್ಯಾಸೆಟ್ಟಿಗೂ ಅಂಟತ್ತೆ. ಮತ್ತೆ, ಇದರಲ್ಲಿ ಅವಸರ ನಡೆಯಲ್ಲ. ಆರು ಗಂಟೆಯ ಟೇಪಿಗೆ ಆರೇ ಗಂಟೆ. ನಾನು ವರ್ಕ್ ಫ್ರಮ್ ಹೋಮ್ ದಿನಗಳಲ್ಲಿ ಪಕ್ಕದಲ್ಲಿ ಓಡಿಸ್ತಾ ಮೀಟಿಂಗ್ ಮಾಡಿದ್ದೀನಿ.

ಓಟಿಟಿ ಇರೋವಾಗ ಇದೆಲ್ಲ ಯಾಕೆ ಅಂತ ಆಫೀಸಿನ ಗೆಳೆಯ ಕೇಳಿದ. 2022ರಲ್ಲಿ ವಾರ್ನರ್ ಬ್ರದರ್ಸ್ ಡಿಸ್ಕವರಿ ಕಂಪನಿ, ಅಂದರೆ ಆಗ ಟಿಎಲ್‌ಸಿ, ಎಚ್‌ಜಿಟಿವಿಗಳಂಥ ಮನೆ ಕಾರ್ಯಕ್ರಮದ ಚಾನೆಲ್ಲುಗಳ ಒಡೆಯರು, ತಮ್ಮದೇ ಓಟಿಟಿಯಿಂದ 'ಇನ್‌ಫಿನಿಟಿ ಟ್ರೇನ್' ಥರದ ತಮ್ಮದೇ ಸರಣಿಗಳನ್ನ ಕಿತ್ತುಹಾಕಿದರು. ಆಗಲೂ ಕಾರಣ ಖರ್ಚು. ಬಿಬಿಸಿಗೆ ಟೇಪಿನ ಖರ್ಚು, ಇವರಿಗೆ ಇನ್ನೊಂದು. ಅವನು ಮತ್ತೆ ಕೇಳಲಿಲ್ಲ.

ಈಗ 38ನೇ ಕ್ಯಾಸೆಟ್ಟಿನ ವಿಷಯ. ಲೇಬಲ್ ಮೇಲೆ "ಬೇಸ್‌ಮೆಂಟ್ – ನೀರು ಸೋರಿಕೆ" ಅಂತಿತ್ತು. ಅರ್ಧ ಗಂಟೆಯ ಕಂತು ಓಡಿತು, ದೇಣಿಗೆ ಕೇಳೋರು ಬಂದರು, ಚಿತ್ರ ಒಮ್ಮೆ ಹರಿದ ಹಾಗಾಗಿ ಕಪ್ಪಾಯಿತು. ನಾನು ಕಾಫಿ ಮಾಡಕ್ಕೆ ಎದ್ದಿದ್ದೆ. ಹಿಂದಿನಿಂದ ಕನ್ನಡ ಕೇಳಿಸಿತು. ತಿರುಗಿದರೆ ನಮ್ಮಜ್ಜಿ.

ಸ್ವೆಟರ್ ಮೇಲೆ ಸೆರಗು ಹೊದ್ದು, ಅಮೆರಿಕದ ಅಡುಗೆಮನೆಯಲ್ಲಿ ಒಲೆ ಮುಂದೆ ನಿಂತು, "ಇದಕ್ಕೆ ಉರಿನೇ ಕಾಣಲ್ವಲ್ಲೋ, ಹತ್ತಿದ್ಯೋ ಇಲ್ವೋ ಹೆಂಗೆ ಗೊತ್ತಾಗತ್ತೆ" ಅಂತ ಕೇಳ್ತಿದ್ದಾರೆ. ಕ್ಯಾಮೆರಾ ಹಿಂದೆ ಮಾವ ನಗ್ತಿದ್ದಾರೆ. ಹನ್ನೊಂದು ನಿಮಿಷ. ಆಮೇಲೆ ಖಾಲಿ. ಅಜ್ಜಿ 1987ರಲ್ಲಿ ಒಂದೇ ಒಂದು ಸಲ ಅಲ್ಲಿಗೆ ಹೋಗಿದ್ದು. ಮರುವರ್ಷ ತೀರಿಕೊಂಡರು. ನಾನು ಹುಟ್ಟಿರಲಿಲ್ಲ, ಅವರ ಧ್ವನಿ ಕೇಳಿದ್ದು ಅದೇ ಮೊದಲು.

ಕ್ಯಾಸೆಟ್ ಹೊರತೆಗೆದು ನೋಡಿದೆ. ಹಿಂಬದಿಯ ಮೂಲೆಯಲ್ಲಿ ಒಂದು ಪ್ಲಾಸ್ಟಿಕ್ ಚೂರು ಇರತ್ತೆ, ಅದನ್ನ ಮುರಿದುಬಿಟ್ಟರೆ ಮತ್ತೆ ರೆಕಾರ್ಡ್ ಆಗಲ್ಲ. ಇದರಲ್ಲಿ ಮುರಿದಿತ್ತು. ಆ ತೂತಿನ ಮೇಲೆ, ಹಳದಿಗಟ್ಟಿದ ಸೆಲ್ಲೋಟೇಪು.

ಅತ್ತೆಗೆ ಆ ಹನ್ನೊಂದು ನಿಮಿಷ ತೋರಿಸಿದೆ. ಪೂರ್ತಿ ನೋಡಿದರು. ಆಮೇಲೆ ನಿಧಾನಕ್ಕೆ, "ಅದು ನಾನೇ ಕಣೋ" ಅಂದರು. ಆವತ್ತು ಮಾವನಿಗೆ ರಾತ್ರಿ ಪಾಳಿ. ಬೇಸ್‌ಮೆಂಟಲ್ಲಿ ಮೊಣಕಾಲುದ್ದ ನೀರು. ಅದೇ ವಿಷಯದ ಕಂತು ಬರ್ತಿದೆ, ಮರೀದೆ ರೆಕಾರ್ಡ್ ಮಾಡು ಅಂತ ಫೋನ್ ಮಾಡಿದರು. ಮನೇಲಿ ಖಾಲಿ ಕ್ಯಾಸೆಟ್ ಇಲ್ಲ. ಕೈಗೆ ಸಿಕ್ಕಿದ್ದಕ್ಕೆ ಸೆಲ್ಲೋಟೇಪು ಹಚ್ಚಿ ಹಾಕಿದರು. "ಅಮ್ಮ ಇನ್ನೊಂದ್ಸಲ ಬರ್ತಾರಲ್ಲ, ಆಗ ತೆಗೆಯೋಣ ಅಂದ್ಕೊಂಡೆ. ಬರಲೇ ಇಲ್ಲ. ನಿಮ್ಮ ಮಾವನಿಗೆ ಹೇಳೋ ಧೈರ್ಯ ಬರಲಿಲ್ಲ. ಪುಣ್ಯಕ್ಕೆ ಅವರೂ ಯಾವತ್ತೂ ಆ ಕ್ಯಾಸೆಟ್ ಎಲ್ಲಿ ಅಂತ ಕೇಳಲಿಲ್ಲ."

ನಾನು ಕ್ಯಾಸೆಟ್ಟನ್ನ ಅವರ ಕೈಗೆ ಕೊಟ್ಟು ಲೇಬಲ್ ತೋರಿಸಿದೆ. ಮೇಲಿನ ಸಾಲಿನಲ್ಲಿ "ಅಮ್ಮ – ಜೂನ್ 1987" ಅಂತ ಬರೆದು, ಒಂದೇ ಗೆರೆಯಲ್ಲಿ ಹೊಡೆದುಹಾಕಿತ್ತು. ಕೆಳಗೆ "ಬೇಸ್‌ಮೆಂಟ್ – ನೀರು ಸೋರಿಕೆ". ಎರಡೂ ಮಾವನ ಗುಂಡು ಅಕ್ಷರ.

ಅತ್ತೆ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದರು. ಮಾತಾಡಲಿಲ್ಲ. ಒಳಗೆ ಹೋಗಿ, ಒಂದು ಹೊಸ ಚೀಟಿ ತಂದು, ಅಜ್ಜಿ ಹೆಸರು ಬರೆದುಕೊಡು ಅಂದರು. ಬರೆದುಕೊಟ್ಟೆ. ಹಳೇ ಲೇಬಲ್ ಮುಚ್ಚದ ಹಾಗೆ, ಅದರ ಪಕ್ಕದಲ್ಲಿ ಅಂಟಿಸಿದರು.

ಇನ್ನೂ 23 ಕ್ಯಾಸೆಟ್ ಬಾಕಿ ಇವೆ.