ಶಾರ್ಟ್ ಕ್ರಾಸ್ ಪೆನ್ನಿ

ಶಾರ್ಟ್ ಕ್ರಾಸ್ ಪೆನ್ನಿಯು ಕ್ರಿ.ಶ. 1180ರಿಂದ 1247ರವರೆಗೆ ಇಂಗ್ಲೆಂಡಿನಲ್ಲಿ ಟಂಕಿಸಲಾದ ಬೆಳ್ಳಿಯ ನಾಣ್ಯ. ಎರಡನೆಯ ಹೆನ್ರಿ, ಒಂದನೆಯ ರಿಚರ್ಡ್, ಜಾನ್ ಮತ್ತು ಮೂರನೆಯ ಹೆನ್ರಿ ಎಂಬ ನಾಲ್ವರು ಅರಸರ ಆಳ್ವಿಕೆಯಲ್ಲಿ ಇದು ಹೊರಬಂದಿತು. ನಾಲ್ವರ ನಾಣ್ಯಗಳಲ್ಲಿಯೂ ‘ಹೆನ್ರಿಕಸ್ ರೆಕ್ಸ್’ ಎಂಬ ಲ್ಯಾಟಿನ್ ಬರಹವೇ ಇರುವುದರಿಂದ, ಹೆಸರನ್ನಷ್ಟೇ ಓದಿ ಅರಸನನ್ನು ನಿರ್ಣಯಿಸಲಾಗದು.

ಲಕ್ಷಣಗಳು

ಮುಂಬದಿಯಲ್ಲಿ ಕಿರೀಟಧಾರಿ ಅರಸನ ಎದುರುಮುಖ ಹಾಗೂ ರಾಜದಂಡಗಳಿವೆ. ಹಿಂಬದಿಯಲ್ಲಿ ಜೋಡಿಗೆರೆಯ ಶಿಲುಬೆಯಿದ್ದು, ಅದರ ತೋಳುಗಳು ಅಂಚಿನ ಬರಹದ ಒಳಗೇ ನಿಲ್ಲುತ್ತವೆ. ನಾಣ್ಯಕ್ಕೆ ಈ ಹೆಸರು ಬಂದದ್ದು ಇದರಿಂದಲೇ. ಶಿಲುಬೆಯ ಸುತ್ತ ಟಂಕಕಾರನ ಹೆಸರು, ‘ಆನ್’ ಎಂಬ ಪದ ಮತ್ತು ಟಂಕಸಾಲೆಯ ಊರು ಅನುಕ್ರಮವಾಗಿ ಬರುತ್ತವೆ. ಚಿಲ್ಲರೆಗಾಗಿ ನಾಣ್ಯವನ್ನು ಶಿಲುಬೆಯ ಗೆರೆಗುಂಟ ಅರ್ಧ ಅಥವಾ ಕಾಲು ಭಾಗಗಳಾಗಿ ಕತ್ತರಿಸುತ್ತಿದ್ದರು.

ಗುರುತಿಸುವಿಕೆ

ನಾಣ್ಯಶಾಸ್ತ್ರಜ್ಞ ಎಲ್. ಎ. ಲಾರೆನ್ಸ್ ಈ ನಾಣ್ಯಗಳನ್ನು ಎಂಟು ವರ್ಗಗಳಾಗಿ ವಿಂಗಡಿಸಿದರು. ಮುಖದ ಶೈಲಿ, ಗುಂಗುರು ಕೂದಲಿನ ಸುರುಳಿಗಳು ಮತ್ತು ಅಕ್ಷರಗಳ ಆಕಾರ ಈ ವಿಂಗಡಣೆಗೆ ಆಧಾರ. ಐದನೆಯ ವರ್ಗವು ಜಾನ್‌ನ ಕಾಲದಲ್ಲಿ, 1205ರಲ್ಲಿ, ನಡೆದ ಮರುಟಂಕನಕ್ಕೆ ಸೇರಿದೆ. ಟಂಕಕಾರನ ಮತ್ತು ಊರಿನ ಹೆಸರುಗಳು ಜೊತೆಯಾಗಿ ಸಿಕ್ಕರೆ ಕಾಲವನ್ನು ಇನ್ನಷ್ಟು ನಿಖರವಾಗಿ ಹೇಳಬಹುದು. ಜಾನ್‌ನ ಸ್ವಂತ ಹೆಸರುಳ್ಳ ಪೆನ್ನಿಗಳು ಐರ್ಲೆಂಡಿನಲ್ಲಿ ಟಂಕಿಸಲ್ಪಟ್ಟವು.

ಅಂತ್ಯ

ನಾಣ್ಯದ ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯುವುದು ವ್ಯಾಪಕವಾಗಿತ್ತು. ಇದನ್ನು ತಡೆಯಲು 1247ರಲ್ಲಿ ಶಿಲುಬೆಯ ತೋಳುಗಳನ್ನು ಅಂಚಿನವರೆಗೆ ಚಾಚಿದ ಲಾಂಗ್ ಕ್ರಾಸ್ ಪೆನ್ನಿಯನ್ನು ಜಾರಿಗೆ ತರಲಾಯಿತು.

ಸಂಗ್ರಹ

ಉಜ್ಜಿ ತೊಳೆದರೆ ಮೇಲ್ಮೈಯ ಸೂಕ್ಷ್ಮ ಗುರುತುಗಳು ಅಳಿದು, ವರ್ಗವನ್ನು ನಿರ್ಣಯಿಸುವುದು ಕಷ್ಟವಾಗುತ್ತದೆ. ಇಂಗ್ಲೆಂಡಿನಲ್ಲಿ ಇಂತಹ ಎರಡು ಅಥವಾ ಹೆಚ್ಚು ಬೆಳ್ಳಿ ನಾಣ್ಯಗಳು ಒಂದೇ ನಿಧಿಯಲ್ಲಿ ದೊರೆತರೆ, 1996ರ ನಿಧಿ ಕಾಯಿದೆಯಂತೆ ಅದನ್ನು ಅಧಿಕಾರಿಗಳಿಗೆ ತಿಳಿಸುವುದು ಕಡ್ಡಾಯ.