ಸಲಿಕೆಯ ವರ್ತಕ ಓಕ್ಸ್ ಏಮ್ಸ್

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ವಯೋಮಿಂಗ್ ಸೀಮೆಯಲ್ಲಿ, ಗಾಳಿ ಬೀಸುವ ಎತ್ತರವಾದೊಂದು ಬಯಲಿನ ಮೇಲೆ, ೬೦ ಅಡಿಯ ಕಲ್ಲಿನ ಗೋಪುರವೊಂದು ಒಂಟಿಯಾಗಿ ನಿಂತಿರುವುದು. ಅದರ ಮೈಯಲ್ಲಿ ಓಕ್ಸ್ ಏಮ್ಸ್, ಆಲಿವರ್ ಏಮ್ಸ್ ಎಂಬ ಸೋದರರಿಬ್ಬರ ಮುಖಗಳನ್ನು ಕೆತ್ತಿದ್ದಾರೆ. ಹಿಂದೆ ರೈಲುದಾರಿಯು ಅದರ ಮಗ್ಗುಲಲ್ಲೇ ಹಾದುಹೋಗುತ್ತಿತ್ತು. ಇಂದು ಆ ದಾರಿಯೂ ಇಲ್ಲ, ಅಲ್ಲಿದ್ದ ಶರ್ಮನ್ ಎಂಬ ಊರೂ ಇಲ್ಲ. ಸೋದರರಲ್ಲಿ ಹಿರಿಯನಾದ ಓಕ್ಸನ ಚರಿತ್ರೆಯು ವಿಚಾರಾರ್ಹವಾದುದು.

ಆತನು ೧೮೦೪ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಈಸ್ಟನ್ನಿನಲ್ಲಿ ಜನಿಸಿದನು. ತಂದೆಯದು ಸಲಿಕೆ ಮಾಡುವ ಕಾರ್ಖಾನೆ. ಮಗನೂ ಅಲ್ಲಿಯೇ ಕೆಲಸ ಕಲಿತನು. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತೆಂದು ೧೮೪೯ರಲ್ಲಿ ಜನರು ಅತ್ತ ಧಾವಿಸಿದಾಗ, ಚಿನ್ನವು ಎಷ್ಟು ಮಂದಿಗೆ ದಕ್ಕಿತೋ ಬೇರೆ ಮಾತು. ಸಲಿಕೆಯಂತೂ ಎಲ್ಲರಿಗೂ ಬೇಕಾಯಿತು. ಹೀಗೆ ಐಶ್ವರ್ಯವಂತನಾದವನು ೧೮೬೩ರಲ್ಲಿ ಪ್ರತಿನಿಧಿಸಭೆಯ ಸದಸ್ಯನಾದನು.

ಆ ಕಾಲದಲ್ಲಿ ಖಂಡವನ್ನು ದಾಟುವ ರೈಲುದಾರಿಯ ಕೆಲಸವು ಹಣವಿಲ್ಲದೆ ಕುಂಟುತ್ತಿತ್ತು. ಸೋದರರು ತಮ್ಮ ಸ್ವಂತ ಆಸ್ತಿಯನ್ನು ಪಣವಾಗಿಟ್ಟು ಮುಂದೆ ಬಂದರು. ಆಲಿವರನು ಯೂನಿಯನ್ ಪೆಸಿಫಿಕ್ ಕಂಪೆನಿಯ ಅಧ್ಯಕ್ಷನಾದನು. ೧೮೬೯ರ ಮೇ ೧೦ರಂದು ಯೂಟಾ ಸೀಮೆಯಲ್ಲಿ ಪೂರ್ವ ಪಶ್ಚಿಮಗಳ ಕಂಬಿಗಳು ಕೂಡಿದುವು.

ಇದು ಕಥೆಯ ಬೆಳಕಿನ ಭಾಗ. ದಾರಿ ಕಟ್ಟುವ ಗುತ್ತಿಗೆಯು ಕ್ರೆಡಿಟ್ ಮೊಬಿಲಿಯರ್ ಎಂಬ ಬೇರೊಂದು ಕಂಪೆನಿಯ ಪಾಲಾಗಿತ್ತು. ಅದರ ಒಡೆಯರಾದರೋ ರೈಲು ಕಂಪೆನಿಯನ್ನು ನಡೆಸುತ್ತಿದ್ದವರೇ. ತಾವೇ ಬೆಲೆ ಹೇಳಿ ತಾವೇ ಒಪ್ಪುವುದು! ಸರಕಾರದ ನೆರವಿನಿಂದ ನಡೆದ ಈ ವ್ಯವಹಾರದಲ್ಲಿ ಲಾಭವು ಅಪಾರವಾಯಿತು. ಇದನ್ನು ಯಾರೂ ಕೆದಕದಿರಲೆಂದೋ ಏನೋ, ಏಮ್ಸನು ತನ್ನ ಸಹಸದಸ್ಯರಿಗೆ ಆ ಕಂಪೆನಿಯ ಷೇರುಗಳನ್ನು, ನಿಜವಾದ ಬೆಲೆ ಬಹಳ ಮೇಲಿದ್ದರೂ, ಮುಖಬೆಲೆಗೇ ಕೊಟ್ಟನು. ಕೈಯಲ್ಲಿ ಹಣವಿಲ್ಲದ ಕೆಲವರಿಗೆ ಬರುವ ಲಾಭಾಂಶದಿಂದಲೇ ತೀರಿಸುವ ಸೌಕರ್ಯವೂ ಇತ್ತು.

೧೮೭೨ರಲ್ಲಿ ನ್ಯೂಯಾರ್ಕಿನ ‘ಸನ್’ ಪತ್ರಿಕೆಯು ಗುಟ್ಟನ್ನು ಬಯಲಿಗೆಳೆಯಿತು. ವಿಚಾರಣೆಯಲ್ಲಿ ದೊಡ್ಡ ದೊಡ್ಡವರು ತಾವೇನೂ ಅರಿಯೆವೆಂದರು. ಏಮ್ಸನು ತನ್ನ ಟಿಪ್ಪಣಿಯ ಪುಸ್ತಕವನ್ನು ಬಿಚ್ಚಿಟ್ಟನು. ತಾನು ಲಂಚ ಕೊಟ್ಟವನಲ್ಲ, ಮೊದಲೇ ರೈಲುದಾರಿಗೆ ಅನುಕೂಲರಾಗಿದ್ದ ಮಿತ್ರರಿಗೆ ಲಂಚವೇಕೆ ಎಂಬುದು ಆತನ ವಾದ. ಈ ವಾದವನ್ನು ನಾವು ಒಪ್ಪಲಾರೆವು. ನಮಗೆ ಹೆಚ್ಚು ಪ್ರಯೋಜನವಾಗುವ ಕಡೆಯೇ ಷೇರುಗಳನ್ನು ಹಂಚಿದೆನೆಂಬ ಅರ್ಥದಲ್ಲಿ ಆತನೇ ಪತ್ರ ಬರೆದಿದ್ದನಷ್ಟೆ.

೧೮೭೩ರ ಫೆಬ್ರವರಿ ೨೭ರಂದು ಸಭೆಯು ಆತನನ್ನೂ ಬ್ರೂಕ್ಸ್ ಎಂಬ ಮತ್ತೊಬ್ಬ ಸದಸ್ಯನನ್ನೂ ಖಂಡಿಸಿತು. ಪುಸ್ತಕದಲ್ಲಿ ಹೆಸರಿದ್ದ ಇತರ ಸದಸ್ಯರು ಯಾವ ದಂಡನೆಯೂ ಇಲ್ಲದೆ ಮನೆಗೆ ಹೋದರು. ಅವರಲ್ಲೊಬ್ಬನಾದ ಗಾರ್ಫೀಲ್ಡನು ೧೮೮೧ರಲ್ಲಿ ರಾಷ್ಟ್ರಾಧ್ಯಕ್ಷನಾದನು. ಏಮ್ಸನಾದರೋ ಊರಿಗೆ ಮರಳಿ, ಮೇ ೮ರಂದೇ ತೀರಿಕೊಂಡನು. ರೈಲು ಕಂಪೆನಿಯವರು ಬಯಲಿನ ಆ ಗೋಪುರವನ್ನು ಕಟ್ಟಿ ಮುಗಿಸಿದ್ದು ೧೮೮೨ರಲ್ಲಿ.