ಕಡ್ಡಿ ಹಾಯದ ಕೊಳವೆ

ಪೈಪು ಸೇದುವವರ ನಡುವೆ ಬಹುಕಾಲದಿಂದ ನಡೆದುಬಂದ ಒಂದು ವಾದವಿದೆ. ಬಾಯಿಗಿಡುವ ತುದಿಯಿಂದ ತೂರಿಸಿದ ಶುಚಿಕಡ್ಡಿಯು ಎಲ್ಲಿಯೂ ತಡೆಯದೆ ತಂಬಾಕು ಉರಿಯುವ ಬಟ್ಟಲಿನ ತಳವನ್ನು ಮುಟ್ಟಬೇಕು, ಮುಟ್ಟದಿದ್ದರೆ ಅದು ಕೆಟ್ಟ ಕೆಲಸ ಎಂದು ಒಂದು ಪಕ್ಷ. ಹೊಗೆ ಸರಾಗವಾಗಿ ಬಂದರೆ ಸಾಕು, ಕಡ್ಡಿ ಹಾಯ್ದರೇನು ಬಿಟ್ಟರೇನು ಎಂದು ಇನ್ನೊಂದು ಪಕ್ಷ. ನಮ್ಮ ಓದುಗರಲ್ಲಿ ಪೈಪು ಹಿಡಿದವರು ವಿರಳ. ಆದರೆ ಆ ಕಡ್ಡಿಯನ್ನು ಮಾತ್ರ ಎಲ್ಲರೂ ನೋಡಿರುತ್ತೀರಿ. ತಂತಿಯ ಹುರಿಯಲ್ಲಿ ಹತ್ತಿಯ ನವಿರನ್ನು ಸಿಕ್ಕಿಸಿ ಮಾಡಿದ, ಬೇಕಾದಂತೆ ಬಾಗುವ ಆ ಮೆತ್ತನೆಯ ಕಡ್ಡಿ ಇಂದು ಬಣ್ಣಬಣ್ಣದ ಕಟ್ಟುಗಳಾಗಿ ಶಾಲೆಯ ಮಕ್ಕಳ ಕೈಗೆಲಸಕ್ಕೆಂದು ಅಂಗಡಿಗಳಲ್ಲಿ ಸಿಗುತ್ತದೆ. ಅದರ ಮೂಲ ಉದ್ಯೋಗ ಪೈಪಿನ ಕೊಳೆ ತೆಗೆಯುವುದು.

ಪರದೇಶಿಗಳ ಈ ಶೋಕಿಯ ವಾದ ನಮಗೇಕೆ ಎಂದು ಕೇಳಬಹುದು. ಮೊಗಲ್ ದರಬಾರಿಗೆ ತಂಬಾಕಿನ ಕೊಳವೆ ಹೋದದ್ದು ಕನ್ನಡ ನಾಡಿನ ವಿಜಾಪುರದಿಂದ. ಆ ಕೊಳವೆ ಎಷ್ಟು ಉದ್ದವಿತ್ತು, ತುದಿಗೆ ಯಾವ ಕಲ್ಲು ಕೂರಿಸಿತ್ತು ಎಂಬುದೂ ಬರಹದಲ್ಲಿ ಉಳಿದಿದೆ.

ಅಕ್ಬರನ ಕೊನೆಯ ವರ್ಷಗಳಲ್ಲಿ, 1604ರ ಸುಮಾರಿಗೆ, ಅಸದ್ ಬೇಗ್ ಎಂಬ ಅಧಿಕಾರಿ ವಿಜಾಪುರಕ್ಕೆ ಬಂದಿದ್ದ. ಎರಡನೆಯ ಇಬ್ರಾಹಿಂ ಆದಿಲಶಾಹನ ಮಗಳಿಗೂ ಅಕ್ಬರನ ಮಗ ದಾನಿಯಾಲನಿಗೂ ಗೊತ್ತಾಗಿದ್ದ ಮದುವೆಯ ಕೆಲಸಕ್ಕಾಗಿ ಬಂದವನು ಆತ. ವಿಜಾಪುರದಲ್ಲಿ ಅವನು ಅದುವರೆಗೆ ಕಾಣದಿದ್ದ ತಂಬಾಕನ್ನು ಕಂಡ, ಒಂದಿಷ್ಟನ್ನು ಕೊಂಡ. ಅದನ್ನು ಸೇದಲು ಮೂರು ಮೊಳ ಉದ್ದದ ಒಂದು ನಾಳವನ್ನು ಸಿದ್ಧಪಡಿಸಿದ. ನಾಳ ಸುಮಾತ್ರಾದ ಅಚಿನ್‌ನಿಂದ ಬಂದದ್ದು. ಎರಡು ತುದಿಗೂ ರತ್ನ ಮತ್ತು ಮೀನಾಕಾರಿ. ಬಾಯಿಗಿಡುವ ಭಾಗ ಯೆಮನ್ ದೇಶದ ಅಕೀಕು ಕಲ್ಲಿನದು. ಹೊತ್ತಿಸುವುದಕ್ಕೆ ಚಿನ್ನದ ಸಾಧನ. ಆದಿಲಶಾಹನೇ ಕೊಟ್ಟಿದ್ದ ಎಲೆಯಡಿಕೆಯ ಚೀಲದಲ್ಲಿ ತಂಬಾಕನ್ನು ತುಂಬಿ, ಎಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿಟ್ಟು ಬಾದಶಹನಿಗೆ ಒಪ್ಪಿಸಿದ. ನಾಳ ಇಡುವುದಕ್ಕೇ ಒಂದು ಬೆಳ್ಳಿಯ ಕೊಳವೆ, ಅದಕ್ಕೆ ನೇರಳೆ ಮಖಮಲ್ಲಿನ ಹೊದಿಕೆ! ಎಲೆಯಡಿಕೆಯ ಚೀಲಕ್ಕೆ ತಂಬಾಕು ಹೊಕ್ಕ ಆ ಗಳಿಗೆಯನ್ನು ನಮ್ಮ ಜನ ಇಂದಿಗೂ ಬಿಟ್ಟಿಲ್ಲ ಎನ್ನಬೇಕು.

ಅಕ್ಬರ್ ಎರಡು ಮೂರು ಸಲ ಸೇದಿದ. ಹಕೀಮ ಗಾಬರಿಯಾಗಿ ತಡೆದ. ಇದು ಪರೀಕ್ಷೆಯಾಗದ ವಸ್ತು, ವೈದ್ಯರು ಯಾರೂ ಇದರ ಗುಣದೋಷ ಬರೆದಿಲ್ಲ ಎಂಬುದು ಅವನ ಆಕ್ಷೇಪ. ಹೊಸದೆಲ್ಲ ಒಂದು ಕಾಲಕ್ಕೆ ಅಪರಿಚಿತವೇ ಆಗಿರುತ್ತದೆ ಎಂದು ಅಸದ್ ಬೇಗ್ ವಾದಿಸಿದ. ವಾದದಲ್ಲಿ ಅವನೇ ಗೆದ್ದ. ಸರದಾರರೆಲ್ಲ ಸೇದತೊಡಗಿದರು, ವ್ಯಾಪಾರಿಗಳು ತಂದು ಮಾರತೊಡಗಿದರು. ಬಾದಶಹ ಮಾತ್ರ ಅಭ್ಯಾಸ ಮಾಡಿಕೊಳ್ಳಲಿಲ್ಲ. ಮುಂದೆ 1617ರಲ್ಲಿ ಜಹಾಂಗೀರ ತಂಬಾಕನ್ನು ನಿಷೇಧಿಸಿದ, ಯಾರೂ ಕೇಳಲಿಲ್ಲ. ಹಕೀಮನ ಮಾತು ಸರಿಯಾಗಿತ್ತೆಂದು ವೈದ್ಯಶಾಸ್ತ್ರ ಸಿದ್ಧಪಡಿಸಲು ಮುನ್ನೂರೈವತ್ತು ವರ್ಷ ಹಿಡಿಯಿತು.

ಆ ವಿಜಾಪುರ ನಮ್ಮಿಂದ ದೂರದ್ದೇನೂ ಅಲ್ಲ. 1636ರ ಒಪ್ಪಂದದಿಂದ ನಮ್ಮ ಈ ಕಲ್ಯಾಣವೂ ಆದಿಲಶಾಹಿಗೆ ಸೇರಿತ್ತು. 1657ರಲ್ಲಿ ಶಿವಾಜಿ ಮಹಾರಾಜರು ಗೆದ್ದುಕೊಳ್ಳುವವರೆಗೂ ಇಲ್ಲಿನ ಅಧಿಕಾರಿಯನ್ನು ವಿಜಾಪುರವೇ ನೇಮಿಸುತ್ತಿತ್ತು. ಬೀದರ ಕೂಡ 1619ರಿಂದ ಅದೇ ರಾಜ್ಯದ್ದು. ಅದನ್ನು ಔರಂಗಜೇಬ ಕಸಿದುಕೊಂಡದ್ದೂ 1657ರಲ್ಲಿಯೇ. ಶಹಾಡಿನಲ್ಲಿ ನೆಲಸಿದ ವಿಜಾಪುರ, ಬೀದರ ಕಡೆಯವರು ಈ ವರ್ಷವನ್ನು ನೆನಪಿಡಬಹುದು.

ಅಸದ್ ಬೇಗನ ವರ್ಣನೆಯಲ್ಲಿ ನೀರಿನ ಮಾತಿಲ್ಲ. ಹಾಗಾದರೆ ನೀರಿನ ಹುಕ್ಕಾ ಎಲ್ಲಿಂದ ಬಂತು? ಅಕ್ಬರನ ವೈದ್ಯ ಅಬುಲ್ ಫತಹ್ ಗೀಲಾನಿ ಅದನ್ನು ಕಂಡುಹಿಡಿದ ಎಂದು ಅನೇಕ ಪುಸ್ತಕಗಳಲ್ಲಿ ಬರುತ್ತದೆ. ಆದರೆ ಆತ ತೀರಿಕೊಂಡದ್ದು 1589ರಲ್ಲಿ, ಈ ತಟ್ಟೆ ಅಕ್ಬರನ ಮುಂದೆ ಬರುವುದಕ್ಕೆ ಹದಿನೈದು ವರ್ಷ ಮೊದಲು. ಆದ್ದರಿಂದ ಆ ಕತೆಯನ್ನು ನಾನು ನಂಬುವುದಿಲ್ಲ. ಮಾತಿನ ಸಾಕ್ಷ್ಯ ಇನ್ನೂ ಸರಳವಾದುದನ್ನು ಹೇಳುತ್ತದೆ. ಪಶ್ಚಿಮ ಏಷ್ಯಾದಲ್ಲಿ ಹುಕ್ಕಾಕ್ಕೆ ನಾರ್ಗಿಲೆ ಎನ್ನುತ್ತಾರೆ. ಅದು ಪಾರಸಿಯ ನಾರ್ಗಿಲ್, ಅಂದರೆ ನಮ್ಮ ನಾರಿಕೇಳ, ತೆಂಗಿನಕಾಯಿ. ಕರಟಕ್ಕೆ ಎರಡು ತೂತು ಕೊರೆದು ನೀರು ಹಾಕಿದರೆ ಬಡವರ ಗುಡಗುಡಿ ಆಯಿತು. ಶ್ರೀಮಂತರಿಗೆ ಕರಟ ಸಾಲದು, ಅವರಿಗಾಗಿ ಬೀದರಿನ ಕೆಲಸಗಾರರು ಹುಕ್ಕಾದ ಬುರುಡೆಯನ್ನು ಎರಕ ಹೊಯ್ದರು.

ಬಿದ್ರಿ ಕೆಲಸವನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಬಹುಪಾಲು ಸತು, ಸ್ವಲ್ಪ ತಾಮ್ರ ಕೂಡಿಸಿ ಮರಳಿನ ಅಚ್ಚಿನಲ್ಲಿ ಎರೆದು, ಉಳಿಯಿಂದ ಕೆತ್ತಿ, ಆ ಗೀರುಗಳಲ್ಲಿ ಬೆಳ್ಳಿಯ ತಂತಿ ಬಡಿದು, ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ತಿಕ್ಕಿದರೆ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಹದಿನೇಳನೆಯ ಶತಮಾನದ ಬುರುಡೆಗಳು ಗುಂಡಗೆ, ಉರುಳದಂತೆ ಸಿಂಬೆಯ ಮೇಲೆ ಕೂರುವಂಥವು. ಹದಿನೆಂಟನೆಯದಕ್ಕೆ ಬರುವಾಗ ಗಂಟೆಯ ಆಕಾರ ತಾಳಿ ತಾವೇ ನಿಂತವು. 2006ರಲ್ಲಿ ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಈಗ ಕಡ್ಡಿಯ ಮಾತು. ಹುಕ್ಕಾದಲ್ಲಿ ಹೊಗೆ ಮೇಲಿನ ಚಿಲುಮೆಯಿಂದ ನೆಟ್ಟಗಿನ ಕೊಳವೆಯಲ್ಲಿ ಇಳಿದು ನೀರಿನಲ್ಲಿ ಮುಳುಗಿ, ಗುಳ್ಳೆಯಾಗಿ ಮೇಲೆದ್ದು, ಇನ್ನೊಂದು ನಾಳದಿಂದ ಬಾಯಿಗೆ ಬರುತ್ತದೆ. ನಡುವೆ ನೀರಿನ ಕಡಿತವಿರುವುದೇ ಇದರ ತತ್ತ್ವ. ಬಾಯಿಯಿಂದ ಬಟ್ಟಲಿಗೆ ಕಡ್ಡಿ ಹಾಯುವ ಹುಕ್ಕಾ ಇದ್ದರೆ ಅದು ಹುಕ್ಕಾವೇ ಅಲ್ಲ. ಹಾಗೆಂದು ಅದು ಕೊಳಕಾಗಿರಬೇಕಿಲ್ಲ. ಚಿಲುಮೆ, ಕೊಳವೆ, ಬುರುಡೆ, ನಾಳ ಎಲ್ಲವೂ ಬಿಡಿಬಿಡಿಯಾಗಿ ಬರುತ್ತವೆ. ಚಿಲುಮೆಯನ್ನು ಕೆರೆಯಬಹುದು, ಬುರುಡೆಯನ್ನು ತೊಳೆಯಬಹುದು, ನೆಟ್ಟಗಿನ ಕೊಳವೆಗೆ ಕಡ್ಡಿ ಹಾಕಬಹುದು. ಕಷ್ಟವಾದದ್ದು ಹಾವಿನಂತೆ ಸುರುಳಿ ಸುತ್ತುವ ನಾಳವೊಂದೇ. ಉತ್ತರದಲ್ಲಿ ಇಂಥ ನಾಳಗಳಿಗೆ ಭೂರ್ಜಪತ್ರವನ್ನೂ ಸುತ್ತುತ್ತಿದ್ದರು. ಶಾಸ್ತ್ರಗ್ರಂಥ ಬರೆದ ತೊಗಟೆಗೆ ಇಂಥ ಸೇವೆಯೂ ಬಂತು. ಅದರೊಳಗೆ ಕಡ್ಡಿ ಆಡದು.

ಇದನ್ನೆಲ್ಲ ಬಿಚ್ಚಿ ಕೂಡಿಸಲು ಬಿಡುವಿರುವ ಆಳು ಬೇಕು. ಅದಕ್ಕೇ ಹುಕ್ಕಾಬರದಾರ ಎಂಬ ಕೆಲಸ ಹುಟ್ಟಿತು. 1779ರಲ್ಲಿ ಕಲ್ಕತ್ತೆಯಲ್ಲಿ ವಾರನ್ ಹೇಸ್ಟಿಂಗ್ಸ್ ದಂಪತಿಗಳು ಕಳಿಸಿದ ಒಂದು ಔತಣದ ಕರೆಯಲ್ಲಿ, ಹುಕ್ಕಾಬರದಾರನ ಹೊರತು ಬೇರೆ ಆಳುಗಳನ್ನು ಕರೆತರಬೇಡಿ ಎಂಬ ವಿನಂತಿ ಇತ್ತು.

ಆಳಿಲ್ಲದವನ ಸಾಧನ ಚಿಲುಮೆ. ಕನ್ನಡದಲ್ಲಿ ನೀರಿನ ಒರತೆಗೂ ಚಿಲುಮೆ, ಹೊಗೆಯ ಕೊಳವೆಗೂ ಚಿಲುಮೆ. ಎರಡನೆಯದು ಪಾರಸಿಯ ಚಿಲಮ್. ಕುಂಬಾರನು ಮಾಡಿದ ಗೇಣುದ್ದಕ್ಕೂ ಕಡಿಮೆಯ ಮಣ್ಣಿನ ಕೊಳವೆ, ಮೇಲೆ ಅಗಲ, ಕೆಳಗೆ ಕಿರಿದು, ಒಳಗೆ ಕೆಂಡ ಬೀಳದಂತೆ ಒಂದು ಸಣ್ಣ ಕಲ್ಲು. ಕಲ್ಲು ಉದುರಿಸಿದರೆ ಈ ತುದಿಯಿಂದ ಆ ತುದಿಗೆ ಬೆಳಕು ಕಾಣುತ್ತದೆ. ಬಟ್ಟೆಯ ಹೊಸೆದ ಪಟ್ಟಿಯನ್ನು ತೂರಿಸಿ ಮಜ್ಜಿಗೆ ಕಡೆವ ಹಗ್ಗದಂತೆ ಹಿಂದುಮುಂದು ಎಳೆದರೆ ಒಳಗಿನ ಜಿಡ್ಡೆಲ್ಲ ಹೊರಗೆ. ಕಡ್ಡಿ ಹಾಯಲೇಬೇಕು ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಇಂಗ್ಲೆಂಡಿನ ಬಿಳಿಮಣ್ಣಿನ ಪೈಪುಗಳ ಕತೆ ಬೇರೆ. ಅವುಗಳ ಕೊಳವೆಯನ್ನು ಮಾಡುತ್ತಿದ್ದುದೇ ಒಂದು ತಂತಿಯಿಂದ. ಹಸಿ ಮಣ್ಣಿನ ಕಾಂಡದೊಳಗೆ ಎಣ್ಣೆ ಸವರಿದ ತಂತಿ ತೂರಿಸಿ, ಎಳೆದು, ಸುಡುತ್ತಿದ್ದರು. ಕಾಂಡ ಉದ್ದವಾದಂತೆ ತಂತಿ ತೆಳುವಾಯಿತು. 1954ರಲ್ಲಿ ಹ್ಯಾರಿಂಗ್ಟನ್ ಎಂಬ ಅಮೆರಿಕದ ಪುರಾತತ್ತ್ವಜ್ಞ, ಹಳೆಯ ವಸಾಹತುಗಳಲ್ಲಿ ಸಿಕ್ಕ ಪೈಪಿನ ಚೂರುಗಳ ರಂಧ್ರಗಳನ್ನು ಅಳೆದು ಒಂದು ಸೋಜಿಗ ಕಂಡ. 1600ರ ಸುಮಾರಿನವುಗಳಲ್ಲಿ ಅಂಗುಲದ 64ರಲ್ಲಿ 9 ಪಾಲು ಇದ್ದ ರಂಧ್ರ ಇಳಿಯುತ್ತ ಇಳಿಯುತ್ತ 1750ರ ನಂತರ 4 ಪಾಲಿಗೆ ಬಂದಿತ್ತು. ಅಂದಿನಿಂದ ಒಂದು ಹಿಡಿ ಮುರುಕು ಕಾಂಡ ಸಿಕ್ಕರೆ ರಂಧ್ರ ಅಳೆದು ನೆಲದ ಕಾಲವನ್ನು ಅಂದಾಜು ಮಾಡುತ್ತಾರೆ. ನಾಲ್ಕು ಪಾಲೆಂದರೆ ಒಂದೂವರೆ ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಹತ್ತಿಯ ಕಡ್ಡಿ ಹೇಗೆ ಹೋಗಬೇಕು? ಹೋಗಬೇಕಾದ ಅಗತ್ಯವೂ ಇರಲಿಲ್ಲ. ಕೊಳೆಯಾದ ಪೈಪುಗಳನ್ನು ಕಬ್ಬಿಣದ ತೊಟ್ಟಿಲಲ್ಲಿಟ್ಟು ಬೆಂಕಿಗೆ ಹಿಡಿದರೆ ಮತ್ತೆ ಬೆಳ್ಳಗಾಗುತ್ತಿದ್ದವು.

ಮರಕ್ಕೆ ಆ ಉಪಾಯ ನಡೆಯದು. ಹತ್ತೊಂಬತ್ತನೆಯ ಶತಮಾನದ ನಡುವೆ ಫ್ರಾನ್ಸಿನ ಸೇಂಟ್ ಕ್ಲೋಡ್ ಊರಿನಲ್ಲಿ ಬ್ರಯರ್ ಎಂಬ ಪೊದೆಯ ಬೇರುಗಂಟಿನಿಂದ ಪೈಪು ಮಾಡತೊಡಗಿದರು. ಇಲ್ಲಿಂದಲೇ ನಮ್ಮ ವಾದ ಹುಟ್ಟುವುದು. ತಂಬಾಕಿನ ತೇವ ಆವಿಯಾಗಿ, ಕೊಳವೆಯಲ್ಲಿ ತಣಿದು ನೀರಾಗಿ, ಜಿಡ್ಡಿನೊಡನೆ ಬೆರೆತು ಕೆಳಗಿನ ತಗ್ಗಿನಲ್ಲಿ ನಿಲ್ಲುತ್ತದೆ. ಸೇದಿದಾಗ ಗೊರಗೊರ ಎನ್ನುತ್ತದೆ. ಬಿಸಿಯಾಗಿರುವಾಗ ಬಾಯಿಕೊಳವೆಯನ್ನು ತಿರುಚಿ ತೆಗೆದರೆ ಮರ ಸೀಳುವ ಭಯ. ಆದ್ದರಿಂದ ಬಿಚ್ಚದೆಯೇ ಕಡ್ಡಿ ಹಾಯಿಸಿ ನೀರನ್ನು ಹೀರಿಸಬೇಕು. ಪೈಪು ನೆಟ್ಟಗಿದ್ದರೆ ಸುಲಭ. ಬಾಗಿದ ಪೈಪಿನಲ್ಲಿ ತೊಡಕು, ಏಕೆಂದರೆ ಕೊರೆಯುವ ಬೈರಿಗೆ ಬಾಗದು; ಎರಡು ದಿಕ್ಕಿನ ರಂಧ್ರಗಳು ಕೂಡುವ ಮೂಲೆಯಲ್ಲಿ ಕಡ್ಡಿ ಸಿಕ್ಕಿಬೀಳುತ್ತದೆ.

ಇದಕ್ಕೆ ಡಬ್ಲಿನ್ ನಗರದ ಪೀಟರ್ಸನ್ 1890ರಲ್ಲಿ ಪೇಟೆಂಟು ಪಡೆದ ಪೈಪು ಬೇರೆಯದೇ ಉತ್ತರ ಕೊಟ್ಟಿತು. ಕೊಳವೆಯ ಬುಡದಲ್ಲಿ ಬೇಕೆಂದೇ ಒಂದು ಗುಳಿ ತೋಡಿ, ನೀರು ಅಲ್ಲಿ ಶೇಖರವಾಗುವಂತೆ ಮಾಡಿದರು. ಕಡ್ಡಿ ಹಾಕಿದರೆ ಆ ಗುಳಿಗೇ ಬೀಳುತ್ತದೆ, ಬಟ್ಟಲಿಗೆ ಹೋಗುವುದಿಲ್ಲ. ಆದರೆ ಲೋಹದ ಪಟ್ಟಿಯಿಂದ ಬಿಗಿದ ಅದರ ಬಾಯಿಕೊಳವೆಯನ್ನು ಸುಲಭವಾಗಿ ಎಳೆದು ತೆಗೆದು ಗುಳಿಯನ್ನು ಒರೆಸಬಹುದು. ಬೀದರಿನ ಬುರುಡೆಯೇ ಸಣ್ಣದಾಗಿ ಐರ್ಲೆಂಡಿನಲ್ಲಿ ಹುಟ್ಟಿದಂತೆ ನನಗೆ ತೋರುತ್ತದೆ, ನೀರು ಹಾಕುವುದಿಲ್ಲ ಎಂಬುದಷ್ಟೇ ಭೇದ.

ಶಹಾಡಿನ ರೇಯಾನ್ ಕಾರ್ಖಾನೆಯಲ್ಲಿ ದುಡಿದ ನಮ್ಮ ಹಿರಿಯರಿಗೆ ಇದು ಬೇಗ ಅರ್ಥವಾದೀತು. ವಿಸ್ಕೋಸಿನ ಪಾಕ ಸೂಕ್ಷ್ಮ ರಂಧ್ರಗಳ ಸ್ಪಿನರೆಟ್ಟಿನಿಂದ ಆಮ್ಲದ ತೊಟ್ಟಿಗೆ ಇಳಿದು ನೂಲಾಗುತ್ತದೆ. ರಂಧ್ರ ಕಟ್ಟಿದರೆ ನೂಲು ಕೆಡುತ್ತದೆ. ಆಗ ಅದನ್ನು ಬಿಚ್ಚಿ ತೊಳೆಯುತ್ತಾರೆಯೇ ಹೊರತು ಕಡ್ಡಿ ಆಡಿಸುವುದಿಲ್ಲ. ಕಡ್ಡಿ ಹಾಯುವುದು ಒಂದೇ ಮೈಯ ಕೊಳವೆಗೆ, ಕೆಲಸದ ನಡುವೆ ಬಿಚ್ಚಲಾಗದ ಕೊಳವೆಗೆ ಹಾಕಬೇಕಾದ ಷರತ್ತು. ಅಂಥ ಪೈಪಿನಲ್ಲಿ ಅದು ಹಾಯದಿದ್ದರೆ ಕೆಲಸಗಾರನದೇ ತಪ್ಪು. ಬಿಚ್ಚಲೆಂದೇ ಮಾಡಿದ್ದಕ್ಕೆ ಅದೇ ಷರತ್ತು ಹಾಕುವುದು ಅನ್ಯಾಯ.

ನೀರಿನಲ್ಲಿ ಹಾಯ್ದ ಹೊಗೆ ಶುದ್ಧವೆಂಬ ನಂಬಿಕೆ ಮಾತ್ರ ಸುಳ್ಳು. ನೀರು ಹೊಗೆಯನ್ನು ತಣಿಸುತ್ತದೆ, ವಿಷವನ್ನು ತೆಗೆಯುವುದಿಲ್ಲ. ಹುಕ್ಕಾ ಅಡ್ಡೆಗಳನ್ನು ಮಹಾರಾಷ್ಟ್ರ 2018ರಲ್ಲಿ, ಹುಕ್ಕಾವನ್ನೇ ಕರ್ನಾಟಕ 2024ರಲ್ಲಿ ನಿಷೇಧಿಸಿದವು. ಬಿದ್ರಿ ಬುರುಡೆಗಳನ್ನು ನೋಡಬೇಕೆನ್ನುವವರು ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು; ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿಯೂ ಇವೆ. ಹಳೆಯ ಹುಕ್ಕಾಗಳಲ್ಲಿ ನಮಗೆ ಹೆಚ್ಚಾಗಿ ಉಳಿದಿರುವುದು ಬುರುಡೆಯೊಂದೇ. ತೊಳೆಯಲು ಬಂದದ್ದು ಉಳಿಯಿತು. ಕಡ್ಡಿ ಹಾಯದ ನಾಳ ಸವೆದು, ನಾರಿ, ಎಂದೋ ತಿಪ್ಪೆ ಸೇರಿತು.